ಬಾಗಿಲಿಲ್ಲದ ಊರಿಗೆ ಗೋಡೆ ಬಂದ ಕಥೆ

ಸಾಲುಮನೆಗಳನ್ನು ಕಟ್ಟುವಾಗ ಎರಡು ಮನೆಗಳ ನಡುವೆ ಸೂರಿನವರೆಗೂ, ಕೆಲವೊಮ್ಮೆ ಸೂರನ್ನೂ ಮೀರಿ, ಇಟ್ಟಿಗೆಯ ದಪ್ಪ ಗೋಡೆ ಎಬ್ಬಿಸುವ ಪದ್ಧತಿ ಯುರೋಪು, ಅಮೆರಿಕಗಳಲ್ಲಿ ಬಹಳ ಹಳೆಯದು. ಬೆಂಕಿ ಬಿದ್ದರೆ ಒಂದು ಮನೆ ಸುಟ್ಟುಹೋಗಬಹುದು, ಆದರೆ ಸಾಲಿಗೆ ಸಾಲೇ ಬೂದಿಯಾಗಬಾರದು ಎಂಬುದು ಅದರ ಲೆಕ್ಕಾಚಾರ. ಈ ಗೋಡೆಗೆ ಅಲ್ಲಿನವರು ಇಟ್ಟ ಹೆಸರು ‘ಫೈರ್‌ವಾಲ್’, ಅಂದರೆ ಅಗ್ನಿಗೋಡೆ. ಮೋಟಾರು ಕಾರಿನಲ್ಲಿ ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಇರುವ ಲೋಹದ ತಡೆಗೂ ಇದೇ ಹೆಸರು. 1980ರ ದಶಕದ ಕೊನೆಯ ಹೊತ್ತಿಗೆ ಈ ಪದ ಗಣಕಯಂತ್ರಗಳ ಲೋಕಕ್ಕೆ ಕಾಲಿಟ್ಟಿತು.

ಪದವೇನೋ ಬಂತು. ಆದರೆ ಅರ್ಥದಲ್ಲಿ ಒಂದು ವ್ಯತ್ಯಾಸ ಉಳಿಯಿತು. ಇಟ್ಟಿಗೆಯ ಅಗ್ನಿಗೋಡೆಯಲ್ಲಿ ಬಾಗಿಲು ಇರುವುದಿಲ್ಲ, ಇದ್ದರೂ ಅದು ಮುಚ್ಚಿಯೇ ಇರಬೇಕು. ಗಣಕಜಾಲದ ಗೋಡೆಯ ಕೆಲಸವೆಲ್ಲ ಬಾಗಿಲಿನಲ್ಲೇ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು, ಒಳಗಿನವರು ಎಲ್ಲಿಗೆ ಹೋಗಬಹುದು, ಹೋದದ್ದನ್ನು ಯಾರು ಬರೆದಿಡಬೇಕು ಎಂಬ ಪ್ರಶ್ನೆಗಳಿಗೆ ಅದು ಕ್ಷಣಕ್ಷಣವೂ ಉತ್ತರ ಹೇಳುತ್ತಿರಬೇಕು. ಹೀಗಾಗಿ ಫೈರ್‌ವಾಲ್‌ನ ಇತಿಹಾಸವನ್ನು ಗೋಡೆಯ ಇತಿಹಾಸ ಎನ್ನುವುದಕ್ಕಿಂತ ಬಾಗಿಲಿನ ಮತ್ತು ಬಾಗಿಲು ಕಾಯುವವನ ಇತಿಹಾಸ ಎನ್ನುವುದೇ ಸರಿ. ಕಳ್ಳರನ್ನು ತಡೆಯಲು ನೇಮಿಸಿದ ಕಾವಲುಗಾರನೇ ಮನೆಯವರ ಮೇಲೂ ಕಣ್ಣಿಡತೊಡಗಿದ್ದು ಈ ಇತಿಹಾಸದ ಮುಖ್ಯ ತಿರುವು.

ಎಲ್ಲರೂ ಪರಿಚಿತರೇ

ಇಂದಿನ ಅಂತರ್ಜಾಲದ ಮೂಲ ‘ಅರ್ಪಾನೆಟ್’. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಹುಟ್ಟಿದ ಈ ಜಾಲದಲ್ಲಿ 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ಆ ವರ್ಷದ ಕೊನೆಗೆ ಜಾಲದಲ್ಲಿದ್ದದ್ದು ನಾಲ್ಕೇ ಕೇಂದ್ರಗಳು.

ನಾಲ್ಕು ಮನೆಯ ಊರಿನಲ್ಲಿ ಬೀಗದ ಮಾತೇಕೆ? ಜಾಲದಲ್ಲಿದ್ದವರು ಪ್ರಾಧ್ಯಾಪಕರು, ಅವರ ವಿದ್ಯಾರ್ಥಿಗಳು, ಸರ್ಕಾರಿ ಸಂಶೋಧಕರು. ಬಹುಪಾಲು ಜನ ಒಬ್ಬರಿಗೊಬ್ಬರು ಮುಖಪರಿಚಯದವರು. ದೂರದ ಯಂತ್ರಗಳು ಒಂದರ ಜೊತೆ ಇನ್ನೊಂದು ಮಾತಾಡುವಂತಾದರೆ ಸಾಕು ಎಂಬುದೇ ಅವರ ಮುಂದಿದ್ದ ಸವಾಲು. ಮಾತಾಡಬಾರದು ಎಂದು ತಡೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಹಾಗೆಂದು ಎಚ್ಚರಿಕೆಯ ಮಾತು ಕೇಳಿಬರಲಿಲ್ಲ ಎಂದಲ್ಲ. ಮುಂದೆ ‘ಈಥರ್‌ನೆಟ್’ ತಂತ್ರಜ್ಞಾನದಿಂದ ಹೆಸರಾದ ಬಾಬ್ ಮೆಟ್‌ಕಾಫ್ 1973ರ ಡಿಸೆಂಬರ್‌ನಲ್ಲಿ ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿ ಬರೆದರು. ಗುಪ್ತಪದಗಳು ಊಹಿಸಲು ಅತಿ ಸುಲಭವಾಗಿವೆ, ಜಾಲಕ್ಕೆ ನುಸುಳುವ ದೂರವಾಣಿ ಸಂಖ್ಯೆಗಳು ಕಂಡಕಂಡವರ ಕೈಸೇರಿವೆ, ಒಂದು ಯಂತ್ರದ ಮುಖ್ಯ ಗುಪ್ತಪದವನ್ನು ಲಾಸ್ ಏಂಜಲೀಸ್‌ನ ಇಬ್ಬರು ಹೈಸ್ಕೂಲು ಹುಡುಗರು ಕಂಡುಹಿಡಿದಿದ್ದಾರೆ ಎಂಬುದು ಅದರ ಸಾರಾಂಶ. ಓದಿದವರು ತಲೆದೂಗಿರಬಹುದು. ಊರು ಮಾತ್ರ ಬೆಳೆಯುತ್ತಲೇ ಹೋಯಿತು, ಬಾಗಿಲುಗಳು ತೆರೆದೇ ಇದ್ದವು.

75 ಸೆಂಟ್‌ನ ಲೆಕ್ಕ

1986ರ ಆಗಸ್ಟ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಇದ್ದರು. ಸಂಶೋಧನೆಯ ಹಣ ಮುಗಿದದ್ದರಿಂದ ಅವರನ್ನು ಗಣಕ ವಿಭಾಗಕ್ಕೆ ಹಾಕಲಾಗಿತ್ತು. ಆಗೆಲ್ಲ ಗಣಕಯಂತ್ರವನ್ನು ಯಾರು ಎಷ್ಟು ಹೊತ್ತು ಬಳಸಿದರು ಎಂದು ಲೆಕ್ಕ ಹಾಕಿ ಅವರವರ ವಿಭಾಗಕ್ಕೆ ಬಿಲ್ಲು ಕಳಿಸುವ ಪದ್ಧತಿ ಇತ್ತು. ಆ ತಿಂಗಳ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಒಂದು ಡಾಲರೂ ಅಲ್ಲ, ಮುಕ್ಕಾಲು ಡಾಲರು. ಅದನ್ನು ಸರಿಪಡಿಸುವ ಕೆಲಸ ಸ್ಟೋಲ್ ಪಾಲಿಗೆ ಬಂತು.

ಬೇರೆ ಯಾರಾದರೂ ಆಗಿದ್ದರೆ ಚಿಲ್ಲರೆ ಕಾಸು ಎಂದು ಕೈಬಿಡುತ್ತಿದ್ದರೋ ಏನೋ. ಸ್ಟೋಲ್ ಬಿಡಲಿಲ್ಲ. ಯಾರೋ ಅಪರಿಚಿತ ಯಂತ್ರದೊಳಗೆ ನುಗ್ಗಿ ಆಡಳಿತಗಾರನ ಅಧಿಕಾರವನ್ನೇ ಕೈವಶ ಮಾಡಿಕೊಂಡಿದ್ದು ಅವರಿಗೆ ಗೊತ್ತಾಯಿತು. ಅವನನ್ನು ಹೊರಗಟ್ಟುವ ಬದಲು ಅವನು ಒತ್ತಿದ ಪ್ರತಿಯೊಂದು ಕೀಲಿಯೂ ಕಾಗದದ ಮೇಲೆ ಮುದ್ರಣವಾಗುವಂತೆ ಮಾಡಿ ತಿಂಗಳುಗಟ್ಟಲೆ ಕಾದರು. ಅಪರಿಚಿತ ಅಲ್ಲಿಂದ ಸುಮಾರು 450 ಗಣಕಗಳ ಬಾಗಿಲು ತಟ್ಟಿದ, 30ಕ್ಕೂ ಹೆಚ್ಚು ಗಣಕಗಳ ಒಳಗೆ ಹೋದ. ಅವುಗಳಲ್ಲಿ ಬಹಳಷ್ಟು ಸೇನೆಗೆ ಸಂಬಂಧಿಸಿದವು. ಅವನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿ ದೂರವಾಣಿ ತಂತಿಯ ಜಾಡು ಹಿಡಿಯಲು ಸ್ಟೋಲ್ ರಕ್ಷಣಾ ಯೋಜನೆಯ ಸುಳ್ಳು ಕಡತಗಳನ್ನೂ ಸೃಷ್ಟಿಸಿ ಇಟ್ಟರು. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬಾತನ ಮನೆಗೆ ಮುಟ್ಟಿತು. ಹೆಸ್ ಮತ್ತು ಅವನ ಗೆಳೆಯರು ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು.

ಈ ಕಳ್ಳ ಯಾವ ಮಹಾಮಂತ್ರವನ್ನೂ ಬಳಸಿರಲಿಲ್ಲ. ಗೊತ್ತಿದ್ದ ತಂತ್ರಾಂಶ ದೋಷಗಳು, ಯಾರೂ ಬದಲಿಸದ ಗುಪ್ತಪದಗಳು, ತಾಳ್ಮೆ ಇವಿಷ್ಟೇ ಅವನ ಬಂಡವಾಳ. ಒಂದು ಮನೆಯ ಒಳಗೆ ಹೋದವನಿಗೆ ಅಲ್ಲಿಂದ ಪಕ್ಕದ ಮನೆಗೆ ಹೋಗಲು ಅಡ್ಡಿಯೇ ಇರಲಿಲ್ಲ ಎಂಬುದು ನಿಜವಾದ ಸಮಸ್ಯೆ.

ಒಂದು ರಾತ್ರಿಯ ಹುಳು

ಸ್ಟೋಲ್ ಕಂಡ ಕಳ್ಳ ಒಬ್ಬನೇ ಒಬ್ಬ ಮನುಷ್ಯ. ಕಳ್ಳನ ಜಾಗದಲ್ಲಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ತಂತ್ರಾಂಶ ಇದ್ದರೆ ಏನಾಗಬಹುದು ಎಂಬುದು 1988ರ ನವೆಂಬರ್ 2ರ ರಾತ್ರಿ ತಿಳಿಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಬರೆದ ಪುಟ್ಟ ತಂತ್ರಾಂಶವೊಂದು ಎಂಐಟಿಯ ಗಣಕದಿಂದ ಹೊರಟು ಜಾಲದ ತುಂಬ ಹರಡಿತು. ಪತ್ರ ಸಾಗಿಸುವ ತಂತ್ರಾಂಶದ ಒಂದು ಲೋಪ, ಬಳಕೆದಾರರ ವಿವರ ತಿಳಿಸುವ ಸೇವೆಯ ಇನ್ನೊಂದು ಲೋಪ, ಸುಲಭದ ಗುಪ್ತಪದಗಳು ಹೀಗೆ ಸಿಕ್ಕ ದಾರಿಯಲ್ಲೆಲ್ಲ ಅದು ತೂರಿಕೊಂಡಿತು. ಕಡತ ಅಳಿಸುವುದು ಅದರ ಉದ್ದೇಶವಾಗಿರಲಿಲ್ಲ. ಆದರೆ ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ಅಂಟಿಕೊಳ್ಳುವಂತೆ ಬರೆದಿದ್ದರಿಂದ ಯಂತ್ರಗಳು ಉಸಿರುಗಟ್ಟಿ ನಿಂತವು. ಆಗ ಜಾಲದಲ್ಲಿದ್ದ ಸುಮಾರು 60,000 ಗಣಕಗಳಲ್ಲಿ 6,000ಕ್ಕೆ ಈ ಹುಳು ತಗುಲಿತ್ತು ಎಂಬುದು ಅಂದಿನ ಅಂದಾಜು.

ಹುಳುವನ್ನು ಕೊಲ್ಲುವುದು ಹೇಗೆಂದು ತಿಳಿಸಿ, ಕ್ಷಮೆಯನ್ನೂ ಕೇಳಿ, ಮಾರಿಸ್‌ನ ಸ್ನೇಹಿತನೊಬ್ಬ ಹೆಸರಿಲ್ಲದ ಸಂದೇಶವನ್ನು ಜಾಲದಲ್ಲಿ ಕಳಿಸಿದ್ದ. ಜಾಲವೇ ಕಟ್ಟಿಕೊಂಡಿದ್ದರಿಂದ ಅದು ಸಕಾಲಕ್ಕೆ ಯಾರಿಗೂ ತಲುಪಲಿಲ್ಲ. ಸೇನೆಯ ಜಾಲದವರು ಉಳಿದ ಜಾಲದ ಜೊತೆಗಿನ ಸಂಪರ್ಕವನ್ನೇ ಕಡಿದುಹಾಕಿದರು. ತಂತಿ ಕೀಳುವುದೊಂದೇ ಆ ರಾತ್ರಿ ಇದ್ದ ಅಗ್ನಿಗೋಡೆ.

ಮಾರಿಸ್‌ಗೆ 1990ರಲ್ಲಿ ನ್ಯಾಯಾಲಯ ಮೂರು ವರ್ಷಗಳ ಪರೀಕ್ಷಾವಧಿ, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಿತು. ಆತನ ತಂದೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಗಣಕ ಸುರಕ್ಷತೆಯ ಹಿರಿಯ ವಿಜ್ಞಾನಿ ಎಂಬುದು ವಿಧಿಯ ವ್ಯಂಗ್ಯ. ಹುಳುವಿನ ಹಾವಳಿ ನಡೆದ ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ತುರ್ತು ಸಂದರ್ಭಗಳಿಗೆಂದೇ ‘ಸರ್ಟ್’ ಎಂಬ ತಂಡ ಹುಟ್ಟಿತು. ಊರಿನವರೆಲ್ಲ ಪರಿಚಿತರು ಎಂಬ ನಂಬಿಕೆ ಅಲ್ಲಿಗೆ ಮುಗಿದಿತ್ತು.

ಲಕೋಟೆ ನೋಡುವ ಕಾವಲುಗಾರ

ಈಗ ಗೋಡೆಯ ಕೆಲಸ ನೋಡೋಣ. ಅಂತರ್ಜಾಲದಲ್ಲಿ ಯಾವ ಮಾಹಿತಿಯೂ ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಕಳಿಸಲಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಅಂಚೆಯ ಲಕೋಟೆಯ ಮೇಲಿರುವಂತೆ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಇರುತ್ತದೆ. ಜೊತೆಗೆ ಒಂದು ‘ಪೋರ್ಟ್’ ಸಂಖ್ಯೆಯೂ ಇರುತ್ತದೆ. ಅಂಚೆ ಕಚೇರಿಯಲ್ಲಿ ಸ್ಟಾಂಪಿಗೆ ಒಂದು ಕಿಟಕಿ, ಪಾರ್ಸೆಲ್ಲಿಗೆ ಇನ್ನೊಂದು, ಉಳಿತಾಯ ಖಾತೆಗೆ ಮತ್ತೊಂದು ಇರುವ ಹಾಗೆ ಗಣಕದಲ್ಲೂ ಒಂದೊಂದು ಸೇವೆಗೆ ಒಂದೊಂದು ಕಿಟಕಿ. ಪತ್ರ ಸಾಗಣೆಗೆ 25, ಜಾಲತಾಣದ ಪುಟಗಳಿಗೆ 80, ದೂರದಿಂದ ಯಂತ್ರ ಚಲಾಯಿಸುವ ಟೆಲ್‌ನೆಟ್‌ಗೆ 23.

ಮೊದಲ ತಲೆಮಾರಿನ ಫೈರ್‌ವಾಲ್ ಈ ಲಕೋಟೆಯ ಮೇಲ್ಬರಹವನ್ನಷ್ಟೇ ಓದುತ್ತಿತ್ತು. ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ಜೆಫ್ ಮೊಗಲ್ ಇಂಥದೊಂದು ಜರಡಿಯ ವಿವರವನ್ನು 1989ರಲ್ಲಿ ಪ್ರಕಟಿಸಿದರು. ಬಾಗಿಲಲ್ಲಿ ಕುಳಿತ ಯಂತ್ರದ ಕೈಯಲ್ಲಿ ಒಂದು ನಿಯಮಗಳ ಪಟ್ಟಿ. ಇಂಥ ವಿಳಾಸದಿಂದ ಇಂಥ ಕಿಟಕಿಗೆ ಬಂದರೆ ಬಿಡು, ಇಂಥದನ್ನು ತಡೆ ಎಂದು ಸಾಲಾಗಿ ಬರೆದಿರುತ್ತದೆ. ಪೊಟ್ಟಣ ಬಂದಾಗಲೆಲ್ಲ ಯಂತ್ರ ಪಟ್ಟಿಯನ್ನು ಮೇಲಿನಿಂದ ಓದುತ್ತ ಹೋಗಿ, ಹೊಂದುವ ನಿಯಮ ಸಿಕ್ಕ ಕೂಡಲೇ ಅದರಂತೆ ನಡೆಯುತ್ತದೆ. ಪಟ್ಟಿಯ ಕೊನೆಯಲ್ಲಿ ಏನಿರಬೇಕು ಎಂಬುದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ‘ತಡೆದದ್ದನ್ನು ಬಿಟ್ಟು ಉಳಿದುದೆಲ್ಲ ಬರಲಿ’ ಎಂಬುದು ಒಂದು ಪಂಥ. ‘ಬಿಟ್ಟದ್ದನ್ನುಳಿದು ಬೇರೆಲ್ಲವೂ ನಿಷಿದ್ಧ’ ಎಂಬುದು ಇನ್ನೊಂದು. ಗೆದ್ದದ್ದು ಎರಡನೆಯದು.

ಇದೇ ಕಾಲಕ್ಕೆ ಎಟಿ ಅಂಡ್ ಟಿ ಕಂಪನಿಯ ಬೆಲ್ ಪ್ರಯೋಗಾಲಯದಲ್ಲಿ ಬಿಲ್ ಚೆಸ್ವಿಕ್ ಎಂಬುವರು ಕಂಪನಿಯ ಹೆಬ್ಬಾಗಿಲನ್ನು ನೋಡಿಕೊಳ್ಳುತ್ತಿದ್ದರು. ಒಂದು ಯಂತ್ರ ಹೊರಗೆ, ಇನ್ನೊಂದು ಒಳಗೆ, ನಡುವೆ ಇಕ್ಕಟ್ಟಾದ ಒಂದೇ ಕೊಂಡಿ ಎಂಬುದು ಅವರ ವಿನ್ಯಾಸ. ಅದನ್ನು 1990ರಲ್ಲಿ ಲೇಖನವಾಗಿ ಪ್ರಕಟಿಸಿದಾಗಲೇ ಅವರು ಅದರ ದೌರ್ಬಲ್ಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು: ಹೊರಗಿನ ಚಿಪ್ಪು ಗಟ್ಟಿಯಾಗಿದೆ, ಒಳಗಿನದೆಲ್ಲ ಮೆದು. ಗೋಡೆ ದಾಟಿದವನಿಗೆ ಒಳಗೆ ಎದುರೇ ಇಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1991ರ ಜನವರಿಯಲ್ಲಿ ಒಬ್ಬ ಅಪರಿಚಿತ ಈ ಹೆಬ್ಬಾಗಿಲಿಗೆ ಬಂದು ಗುಪ್ತಪದಗಳ ಕಡತ ಕೇಳಿದ. ಚೆಸ್ವಿಕ್ ಸುಳ್ಳು ಕಡತವೊಂದನ್ನು ಕಳಿಸಿಕೊಟ್ಟರು. ಮುಂದಿನ ಕೆಲವು ತಿಂಗಳು ಅವನಿಗಾಗಿ ಒಂದು ನಾಟಕದ ರಂಗಸಜ್ಜಿಕೆಯೇ ಸಿದ್ಧವಾಯಿತು. ಆತ ನಿಜವಾದ ಯಂತ್ರ ಎಂದುಕೊಂಡು ಓಡಾಡಿದ್ದು ಒಂದು ಪಂಜರದೊಳಗೆ. ಅವನ ಒಂದೊಂದು ಹೆಜ್ಜೆಯೂ ದಾಖಲಾಯಿತು. ಆತ ಇದ್ದದ್ದು ನೆದರ್ಲೆಂಡ್ಸ್‌ನಲ್ಲಿ. ಇತರರ ಗಣಕಕ್ಕೆ ನುಗ್ಗುವುದು ಆಗ ಆ ದೇಶದಲ್ಲಿ ಅಪರಾಧವೇ ಆಗಿರಲಿಲ್ಲ. ಕಾನೂನು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾಗ ಗೋಡೆ ಕಟ್ಟುವವರು ತಮ್ಮ ಕಾವಲನ್ನು ತಾವೇ ಮಾಡಿಕೊಳ್ಳಬೇಕಾಗಿತ್ತು.

ಬಾಗಿಲಲ್ಲೇ ಕೂತ ಮುಖ್ತ್ಯಾರ

ಲಕೋಟೆ ನೋಡುವ ಕಾವಲುಗಾರನಿಗೆ ಒಳಗಿನ ಪತ್ರದಲ್ಲಿ ವಿಷ ಇದೆಯೋ ವಿಚಾರ ಇದೆಯೋ ತಿಳಿಯದು. ಇದಕ್ಕೆ ಪರಿಹಾರವಾಗಿ ಬಂದದ್ದು ‘ಪ್ರಾಕ್ಸಿ’. ಕೋರ್ಟು ಕಚೇರಿಯ ಕೆಲಸಕ್ಕೆ ನಮ್ಮ ಪರವಾಗಿ ಮುಖ್ತ್ಯಾರನನ್ನು ಕಳಿಸುವುದಿಲ್ಲವೇ? ಹಾಗೆಯೇ ಇದು. ಒಳಗಿನ ಗಣಕ ಹೊರಗಿನ ಗಣಕದ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ತನಗೆ ಬೇಕಾದದ್ದನ್ನು ಬಾಗಿಲಲ್ಲಿ ಕೂತ ಪ್ರಾಕ್ಸಿಗೆ ಹೇಳುತ್ತದೆ. ಪ್ರಾಕ್ಸಿ ತನ್ನ ಹೆಸರಿನಲ್ಲೇ ಹೊರಗೆ ಹೋಗಿ ಕೇಳಿ, ಬಂದದ್ದನ್ನು ಬಿಚ್ಚಿ ನೋಡಿ, ಸರಿಯಿದ್ದರೆ ಒಳಗೆ ದಾಟಿಸುತ್ತದೆ. ಹೊರಗಿನವರಿಗೆ ಕಾಣುವುದು ಮುಖ್ತ್ಯಾರನ ಮುಖ ಮಾತ್ರ.

ಡಿಜಿಟಲ್ ಕಂಪನಿಯಲ್ಲಿ ಮಾರ್ಕಸ್ ರ‍್ಯಾನಮ್ ಈ ಎರಡೂ ಉಪಾಯಗಳನ್ನು ಸೇರಿಸಿ 1990ರ ದಶಕದ ಆರಂಭದಲ್ಲಿ ‘ಸೀಲ್’ ಎಂಬ ಫೈರ್‌ವಾಲ್ ರೂಪಿಸಿದರು. ದುಡ್ಡು ಕೊಟ್ಟು ಕೊಳ್ಳಬಹುದಾದ ಮೊದಲ ಫೈರ್‌ವಾಲ್‌ಗಳಲ್ಲಿ ಅದೂ ಒಂದು. ನಂತರ ಅವರು ಟ್ರಸ್ಟೆಡ್ ಇನ್‌ಫರ್ಮೇಶನ್ ಸಿಸ್ಟಮ್ಸ್ ಎಂಬ ಸಂಸ್ಥೆಗೆ ಹೋದರು. ಅಮೆರಿಕದ ಅಧ್ಯಕ್ಷರ ಕಚೇರಿ ಶ್ವೇತಭವನಕ್ಕೆ ಸಾರ್ವಜನಿಕ ಇ-ಮೇಲ್ ವಿಳಾಸ ಬಂದ ಕಾಲವದು. ಅದನ್ನು ಕಾಪಾಡುವ ಹೊಣೆ ಈ ಸಂಸ್ಥೆಯದಾಯಿತು. ಸಂಸ್ಥೆ 1993ರಲ್ಲಿ ತನ್ನ ಫೈರ್‌ವಾಲ್ ಉಪಕರಣಗಳ ಮೂಲ ಬರಹವನ್ನೇ ಎಲ್ಲರ ಮುಂದಿಟ್ಟಿತು. ಅದರಲ್ಲಿದ್ದ ಪತ್ರ ಸಾಗಣೆಯ ವ್ಯವಸ್ಥೆ ತಮಾಷೆಯಾಗಿದೆ. ಹೊರಗಿನ ಪತ್ರ ತೆಗೆದುಕೊಳ್ಳಲು ಒಂದು ಪುಟ್ಟ ತಂತ್ರಾಂಶ, ಅದು ಪತ್ರವನ್ನು ಒಂದು ಪೆಟ್ಟಿಗೆಗೆ ಹಾಕಿ ಸುಮ್ಮನಾಗುತ್ತದೆ. ಪೆಟ್ಟಿಗೆಯಿಂದ ಎತ್ತಿ ವಿಲೇವಾರಿ ಮಾಡಲು ಇನ್ನೊಂದು ತಂತ್ರಾಂಶ. ಮೊದಲನೆಯದನ್ನು ಯಾರಾದರೂ ಮರುಳು ಮಾಡಿದರೂ ಅದರ ಕೈಯಲ್ಲಿ ಪೆಟ್ಟಿಗೆಯ ಹೊರತು ಬೇರೇನೂ ಇಲ್ಲ. ಹಣ ಎಣಿಸುವವನ ಕೈಗೆ ಖಜಾನೆಯ ಬೀಗದ ಕೈ ಕೊಡಬಾರದು ಎಂಬ ಹಳೆಯ ವ್ಯಾಪಾರಿ ಬುದ್ಧಿಯೇ ಇದು.

ಪ್ರಾಕ್ಸಿ ಭದ್ರ, ಆದರೆ ನಿಧಾನ. ಲಕೋಟೆ ಜರಡಿ ವೇಗದ್ದು, ಆದರೆ ಮರೆವಿನದು. ಒಳಗಿನವರು ಕೇಳಿದ ಪ್ರಶ್ನೆಗೆ ಬಂದ ಉತ್ತರ ಯಾವುದು, ಕರೆಯದೆ ಬಂದ ಅತಿಥಿ ಯಾರು ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. 1993ರಲ್ಲಿ ಇಸ್ರೇಲ್‌ನಲ್ಲಿ ಗಿಲ್ ಶ್ವೆಡ್ ಮತ್ತು ಇಬ್ಬರು ಗೆಳೆಯರು ಆರಂಭಿಸಿದ ಚೆಕ್ ಪಾಯಿಂಟ್ ಕಂಪನಿ ಈ ಮರೆವಿಗೆ ಔಷಧಿ ತಂದಿತು. ಅವರ ಫೈರ್‌ವಾಲ್ 1994ರಲ್ಲಿ ಮಾರುಕಟ್ಟೆಗೆ ಬಂತು. ಒಳಗಿನಿಂದ ಯಾರು ಯಾರನ್ನು ಮಾತಾಡಿಸಲು ಹೊರಟರು ಎಂಬುದನ್ನು ಅದು ದಫ್ತರದಲ್ಲಿ ಬರೆದಿಟ್ಟುಕೊಂಡು, ಆ ಮಾತಿಗೆ ಬಂದ ಉತ್ತರವನ್ನು ಮಾತ್ರ ಒಳಗೆ ಬಿಡುತ್ತಿತ್ತು. ನಿಯಮ ಬರೆಯಲು ಚಿತ್ರಗಳ ಮೇಲೆ ಮೌಸ್ ಒತ್ತಿದರೆ ಸಾಕಾಗಿತ್ತು. ಗೋಡೆ ಕಟ್ಟುವ ವಿದ್ಯೆ ಕೆಲವೇ ಪಂಡಿತರ ಕೈಯಿಂದ ಸಾಮಾನ್ಯ ಕಚೇರಿಗಳಿಗೆ ಬಂದದ್ದು ಹೀಗೆ.

ಉಗ್ರಾಣದ ಉಪಯೋಗ

ಪ್ರಾಕ್ಸಿಗೆ ಇನ್ನೊಂದು ಉದ್ಯೋಗವೂ ಸಿಕ್ಕಿತು. ಜಾಲತಾಣಗಳು ಹುಟ್ಟಿದ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಆರಿ ಲುವೊಟೊನೆನ್ ಎಂಬುವರು, ಇಂಟೆಲ್ ಕಂಪನಿಯ ಕೆವಿನ್ ಆಲ್ಟಿಸ್ ಜೊತೆಗೂಡಿ, 1994ರ ಮೊದಲ ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿ ವೆಬ್ ಪ್ರಾಕ್ಸಿಯನ್ನು ವಿವರಿಸಿದರು. ಗೋಡೆಯೊಳಗಿನ ಕಚೇರಿಯವರಿಗೆ ಜಾಲತಾಣಗಳನ್ನು ತೋರಿಸುವುದು ಮೊದಲ ಉದ್ದೇಶ. ಆದರೆ ಒಂದು ಪುಟವನ್ನು ಒಬ್ಬರಿಗೆ ತಂದುಕೊಟ್ಟ ಮೇಲೆ ಅದರ ಪ್ರತಿಯನ್ನು ಉಗ್ರಾಣದಲ್ಲಿಟ್ಟರೆ ಇನ್ನೊಬ್ಬರು ಕೇಳಿದಾಗ ಮತ್ತೆ ಹೊರಗೆ ಹೋಗಬೇಕಿಲ್ಲ. 1996ರಲ್ಲಿ ಬಂದ ‘ಸ್ಕ್ವಿಡ್’ ಎಂಬ ಉಚಿತ ತಂತ್ರಾಂಶ ಈ ಉಗ್ರಾಣದ ಪದ್ಧತಿಯನ್ನು ಜಗತ್ತಿನ ಮೂಲೆಮೂಲೆಗೆ ಹಬ್ಬಿಸಿತು.

ಸಂಪರ್ಕ ತಂತಿ ದುಬಾರಿಯಾಗಿದ್ದ ನಮ್ಮಂಥ ದೇಶಕ್ಕೆ ಇದು ವರದಾನವೇ ಸರಿ. ಭಾರತದಲ್ಲಿ 1986ರಲ್ಲಿ ಆರಂಭವಾದ ‘ಅರ್ನೆಟ್’ ಶೈಕ್ಷಣಿಕ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಮರುವರ್ಷವೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆದದ್ದು ಸೈಬರ್ ಕೆಫೆಯಾಗಿ. ಮುಂದೆ ಊರೂರಿನಲ್ಲಿ ಹುಟ್ಟಿಕೊಂಡ ಸೈಬರ್ ಕೆಫೆಗಳಲ್ಲಿ ಒಂದೇ ಮೋಡೆಮ್ ಸಂಪರ್ಕವನ್ನು ಹಲವು ಗಣಕಗಳಿಗೆ ಹಂಚಿದ್ದು ಪ್ರಾಕ್ಸಿ ತಂತ್ರಾಂಶಗಳೇ. ನ್ಯೂಜಿಲೆಂಡ್‌ನಿಂದ 1995ರಲ್ಲಿ ಬಂದ ‘ವಿನ್‌ಗೇಟ್’ ಅವುಗಳಲ್ಲಿ ಹೆಸರುವಾಸಿ. ಅದರ ಮೊದಲ ಆವೃತ್ತಿಗಳಲ್ಲಿ ಬಾಗಿಲು ಹೊರಗಿನವರಿಗೂ ತೆರೆದೇ ಇರುತ್ತಿತ್ತು. ಮಾಲೀಕ ಗಮನಿಸಿ ಮುಚ್ಚದಿದ್ದರೆ ಜಗತ್ತಿನ ಯಾವುದೋ ಮೂಲೆಯ ಕಿಡಿಗೇಡಿ ಇವನ ಅಂಗಡಿಯ ಹೆಸರಿನಲ್ಲಿ ಕೆಟ್ಟ ಕೆಲಸ ಮಾಡಬಹುದಿತ್ತು. ಮುಖ್ತ್ಯಾರನನ್ನು ಇಟ್ಟುಕೊಂಡರಷ್ಟೇ ಸಾಲದು, ಅವನು ಯಾರ ಮಾತು ಕೇಳುತ್ತಾನೆ ಎಂಬುದನ್ನೂ ನೋಡಬೇಕು.

ಗೋಡೆಯ ಅಗತ್ಯ ದೇಶಕ್ಕೆ ಮನವರಿಕೆಯಾದದ್ದು 1998ರಲ್ಲಿ. ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆಯಿತು. ಜೂನ್‌ನಲ್ಲಿ ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಗಣಕಗಳಿಗೆ ‘ಮಿಲ್‌ವರ್ಮ್’ ಎಂದು ಹೆಸರಿಟ್ಟುಕೊಂಡ ಗುಂಪು ನುಗ್ಗಿತು. ಇ-ಮೇಲ್‌ಗಳನ್ನು ನಕಲು ಮಾಡಿ, ಕೇಂದ್ರದ ಜಾಲತಾಣದ ಮುಖಪುಟವನ್ನೇ ಬದಲಿಸಿ ಹೋದ ಆ ಗುಂಪಿನಲ್ಲಿ ಬೇರೆ ಬೇರೆ ದೇಶಗಳ ಹದಿಹರೆಯದ ಹುಡುಗರಿದ್ದರು.

ಕಾವಲುಗಾರ ಒಳಗೆ ತಿರುಗಿದಾಗ

ಇಲ್ಲಿಯವರೆಗಿನ ಕಥೆಯಲ್ಲಿ ಕಾವಲುಗಾರನ ಮುಖ ಹೊರಗಿತ್ತು. ಆದರೆ ಬಾಗಿಲಿಗೆ ಎರಡು ಮುಖ. ಹೊರಗಿನವರು ಒಳಗೆ ಬರಬಾರದು ಎಂಬ ನಿಯಮವನ್ನು ಬರೆಯುವ ಪಟ್ಟಿಯಲ್ಲೇ ಒಳಗಿನವರು ಇಂಥ ತಾಣಕ್ಕೆ ಹೋಗಬಾರದು ಎಂಬ ನಿಯಮವನ್ನೂ ಬರೆಯಬಹುದು. ಯಂತ್ರಕ್ಕೆ ಎರಡೂ ಒಂದೇ.

1999ರ ಕಾರ್ಗಿಲ್ ಕದನದ ದಿನಗಳಲ್ಲಿ ಪಾಕಿಸ್ತಾನದ ‘ಡಾನ್’ ಪತ್ರಿಕೆಯ ಜಾಲತಾಣ ಭಾರತದ ಓದುಗರಿಗೆ ಸಿಗದಂತಾಯಿತು. ದೇಶದ ಅಂತರರಾಷ್ಟ್ರೀಯ ಹೆಬ್ಬಾಗಿಲು ವಿದೇಶ್ ಸಂಚಾರ್ ನಿಗಮದ ಕೈಯಲ್ಲಿದ್ದುದರಿಂದ ಒಂದು ಕಡೆ ತಡೆದರೆ ಸಾಕಾಗಿತ್ತು. ಕುತೂಹಲಿಗಳು ಹೊರದೇಶದ ಪ್ರಾಕ್ಸಿಗಳ ಮೂಲಕ ಆ ಪತ್ರಿಕೆಯನ್ನು ಓದಿದರು. ಒಬ್ಬರ ಗೋಡೆಯನ್ನು ದಾಟಲು ಇನ್ನೊಬ್ಬರ ಮುಖ್ತ್ಯಾರ!

2003ರ ಸೆಪ್ಟೆಂಬರ್‌ನಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ನಡೆಯಿತು. ಮೇಘಾಲಯದ ನಿಷೇಧಿತ ಸಂಘಟನೆಯೊಂದಕ್ಕೆ ಸಂಬಂಧಿಸಿದ ಒಂದೇ ಒಂದು ಯಾಹೂ ಗುಂಪನ್ನು ತಡೆಯುವಂತೆ ಸರ್ಕಾರ ಆದೇಶಿಸಿತು. ಆ ಒಂದು ಗುಂಪನ್ನಷ್ಟೇ ಬೇರ್ಪಡಿಸಿ ತಡೆಯುವ ಸಾಮರ್ಥ್ಯ ಸಂಪರ್ಕ ಕಂಪನಿಗಳಿಗೆ ಇರಲಿಲ್ಲ. ಅವು ಯಾಹೂವಿನ ಎಲ್ಲ ಗುಂಪುಗಳ ವಿಳಾಸವನ್ನೇ ಮುಚ್ಚಿಬಿಟ್ಟವು. ತಮ್ಮ ಪಾಡಿಗೆ ಹರಟುತ್ತಿದ್ದ, ಪಾಠ ಹಂಚಿಕೊಳ್ಳುತ್ತಿದ್ದ, ಕೆಲಸ ಹುಡುಕುತ್ತಿದ್ದ ಅಸಂಖ್ಯ ಭಾರತೀಯರು ಹಲವು ದಿನ ಹೊರಗುಳಿದರು. ಇಲಿ ಹಿಡಿಯಲು ಮನೆಗೇ ಬೆಂಕಿ ಇಟ್ಟ ಹಾಗಾಯಿತು. ಲಕೋಟೆಯ ಮೇಲ್ಬರಹ ಮಾತ್ರ ಓದಬಲ್ಲ ಕಾವಲುಗಾರನಿಗೆ ಇಡೀ ಬೀದಿಗೆ ಬೇಲಿ ಹಾಕುವುದೊಂದೇ ಗೊತ್ತು.

ಇಂದು ಜಾಲತಾಣಗಳನ್ನು ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಿಂದ ಬಂದಿದೆ. 2008ರ ತಿದ್ದುಪಡಿಯಲ್ಲಿ ಸೇರಿದ ಈ ಕಲಮು 2009ರಲ್ಲಿ ಜಾರಿಗೆ ಬಂತು. ಶ್ರೇಯಾ ಸಿಂಘಾಲ್ ಪ್ರಕರಣದ 2015ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿತಾದರೂ 69ಎ ಕಲಮನ್ನು ಎತ್ತಿಹಿಡಿಯಿತು. ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು ಎಂಬುದು ಅದರಲ್ಲಿರುವ ರಕ್ಷಣೆ. ಆದರೆ ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಬೇಕೆಂದು ಅದರ ನಿಯಮಾವಳಿಯೇ ಹೇಳುತ್ತದೆ. ಹೀಗಾಗಿ ಬಾಗಿಲಲ್ಲಿ ನಿಂತ ಸಾಮಾನ್ಯ ಓದುಗನಿಗೆ ತನ್ನನ್ನು ಏಕೆ ತಡೆದರು ಎಂಬುದು ಸಾಮಾನ್ಯವಾಗಿ ತಿಳಿಯುವುದಿಲ್ಲ. ನೆರೆಯ ಚೀನಾದಲ್ಲಂತೂ ದೇಶದ ಗಡಿಯಲ್ಲೇ ಇಂಥ ಜರಡಿ ಇದೆ. 1997ರಲ್ಲೇ ಅದಕ್ಕೆ ಮಹಾಗೋಡೆಯ ಹೆಸರು ಸೇರಿಸಿ ‘ಗ್ರೇಟ್ ಫೈರ್‌ವಾಲ್’ ಎಂಬ ಅಡ್ಡಹೆಸರು ಬಿತ್ತು.

ಕಚೇರಿಗಳಲ್ಲೂ ಇದರ ಸಣ್ಣ ರೂಪವಿದೆ. ಈಗ ಜಾಲದ ಬಹುಪಾಲು ಸಂಚಾರ ಗೂಢಲಿಪಿಯಲ್ಲಿ ನಡೆಯುತ್ತದೆ, ಬ್ರೌಸರಿನ ಮೂಲೆಯ ಬೀಗದ ಚಿಹ್ನೆ ಅದರ ಗುರುತು. ಹೀಗೆ ಮುಚ್ಚಿದ ಪತ್ರವನ್ನು ದಾರಿಯಲ್ಲಿರುವ ಪ್ರಾಕ್ಸಿ ಓದಲಾರದು. ಆದರೆ ಕಂಪನಿ ತಾನು ಕೊಟ್ಟ ಗಣಕದಲ್ಲಿ ತನ್ನದೇ ಪ್ರಮಾಣಪತ್ರವನ್ನು ಮೊದಲೇ ಹಾಕಿಟ್ಟಿದ್ದರೆ, ಅದರ ಪ್ರಾಕ್ಸಿ ಪತ್ರವನ್ನು ಬಿಚ್ಚಿ ನೋಡಿ ಮತ್ತೆ ಮುದ್ರೆ ಒತ್ತಿ ಕಳಿಸಬಲ್ಲದು. ಬೀಗದ ಚಿಹ್ನೆ ಆಗಲೂ ಕಾಣುತ್ತದೆ. ವೈರಸ್ ಹುಡುಕಲು ಇದು ಬೇಕು ಎನ್ನುತ್ತಾರೆ ಕಂಪನಿಯವರು. ಅದು ಸುಳ್ಳೇನಲ್ಲ. ಆದರೆ ಕಚೇರಿಯ ಗಣಕದಲ್ಲಿ ಬ್ಯಾಂಕಿನ ಖಾತೆಯನ್ನೋ ವೈದ್ಯರ ವರದಿಯನ್ನೋ ತೆರೆಯುವ ಉದ್ಯೋಗಿಗೆ ಈ ಸಂಗತಿ ತಿಳಿದಿರಬೇಡವೇ?

ಕೋಟೆಯ ಕಿಂಡಿ

ಚಿತ್ರದುರ್ಗದ ಏಳುಸುತ್ತಿನ ಕೋಟೆಗೆ ಶತ್ರು ನುಸುಳಿದ್ದು ಹೆಬ್ಬಾಗಿಲಿನಿಂದಲ್ಲ, ಕಿಂಡಿಯಿಂದ ಎಂಬ ಓಬವ್ವನ ಕಥೆ ಕನ್ನಡಿಗರಿಗೆ ಹೊಸದಲ್ಲ. ಗಣಕಜಾಲದ ಗೋಡೆಗೂ ಈ ಮಾತು ಅನ್ವಯಿಸುತ್ತದೆ.

2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಹುಳು ಜಗತ್ತಿನ ಮೇಲೆ ಎರಗಿತು. ಗಾತ್ರ ಕೇವಲ 376 ಬೈಟ್. ಹತ್ತೇ ನಿಮಿಷದಲ್ಲಿ ಅದು ತನಗೆ ದಕ್ಕಬಹುದಾದ ಬಹುಪಾಲು ಗಣಕಗಳನ್ನು ಮುಟ್ಟಿತ್ತು. ಅಮೆರಿಕದ ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಅಣುವಿದ್ಯುತ್ ಸ್ಥಾವರದ ಫೈರ್‌ವಾಲ್ ಈ ಹುಳು ಬಳಸುವ ಕಿಟಕಿಯನ್ನು ಮುಚ್ಚಿಯೇ ಇತ್ತು. ಆದರೂ ಹುಳು ಒಳಗೆ ಬಂತು. ಗುತ್ತಿಗೆದಾರನೊಬ್ಬನ ಕಚೇರಿಯಿಂದ ಸ್ಥಾವರದ ಜಾಲಕ್ಕೆ ಗೋಡೆಯನ್ನು ಬಳಸಿಕೊಂಡು ಹೋಗುವ ಒಂದು ತಂತಿ ಇತ್ತು. ಸುರಕ್ಷತೆಯ ಅಂಕಿಅಂಶ ತೋರಿಸುವ ವ್ಯವಸ್ಥೆ ಸುಮಾರು ಐದು ಗಂಟೆ ಸ್ತಬ್ಧವಾಯಿತು. ಸ್ಥಾವರ ಬೇರೆ ಕಾರಣಕ್ಕೆ ಮೊದಲೇ ಸ್ಥಗಿತಗೊಂಡಿದ್ದರಿಂದ ಅಪಾಯ ತಪ್ಪಿತು. ಹುಳು ಹೊಕ್ಕ ದೋಷಕ್ಕೆ ಆರು ತಿಂಗಳ ಹಿಂದೆಯೇ ತೇಪೆ ಲಭ್ಯವಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ನಮ್ಮಲ್ಲಿ 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರಕ್ಕೆ ಸಂಬಂಧಿಸಿದ ಗಣಕವೊಂದರಲ್ಲಿ ದುಷ್ಟ ತಂತ್ರಾಂಶ ಪತ್ತೆಯಾಯಿತು. ಸ್ಥಾವರದವರು ಮೊದಲು ಅಲ್ಲಗಳೆದರೂ ಅಕ್ಟೋಬರ್ 30ರಂದು ಅಣುವಿದ್ಯುತ್ ನಿಗಮ ಅದನ್ನು ಒಪ್ಪಿಕೊಂಡಿತು. ಸೋಂಕು ತಗುಲಿದ್ದು ಆಡಳಿತ ಕೆಲಸಕ್ಕಾಗಿ ಅಂತರ್ಜಾಲಕ್ಕೆ ಜೋಡಿಸಿದ್ದ ಗಣಕಕ್ಕೆ, ಸ್ಥಾವರ ನಡೆಸುವ ಜಾಲ ಅದರಿಂದ ಪೂರ್ತಿ ಬೇರೆಯಾಗಿದೆ ಎಂಬುದು ನಿಗಮದ ವಿವರಣೆ. ಮನೆಯೊಳಗೇ ಇನ್ನೊಂದು ಗೋಡೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ.

ಚೆಸ್ವಿಕ್ 1990ರಲ್ಲಿ ಹೇಳಿದ ಗಟ್ಟಿ ಚಿಪ್ಪಿನ, ಮೆದು ತಿರುಳಿನ ಮಾತಿಗೆ ಉದ್ಯಮ ಕಿವಿಗೊಡಲು ಎರಡು ದಶಕ ಹಿಡಿಯಿತು. 2010ರಲ್ಲಿ ಫಾರೆಸ್ಟರ್ ಸಂಸ್ಥೆಯ ವಿಶ್ಲೇಷಕ ಜಾನ್ ಕಿಂಡರ್‌ವಾಗ್ ‘ಝೀರೊ ಟ್ರಸ್ಟ್’ ಎಂಬ ತತ್ವವನ್ನು ಮುಂದಿಟ್ಟರು. ಗೋಡೆಯೊಳಗೆ ಇದ್ದಾನೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಂಬಬೇಡಿ, ಪ್ರತಿ ಕೋಣೆಯ ಬಾಗಿಲಲ್ಲೂ ಗುರುತು ಕೇಳಿ ಎಂಬುದು ಅದರ ತಿರುಳು. ಉದ್ಯೋಗಿಗಳು ಮನೆಯಿಂದ ಕೆಲಸ ಮಾಡುವ, ಕಡತಗಳು ಇನ್ಯಾರದೋ ಗಣಕಗಳಲ್ಲಿ ಕೂತಿರುವ ಈ ಕಾಲದಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಎಂದು ಗೆರೆ ಎಳೆಯುವುದೂ ಕಷ್ಟ.

ಹಾಗಾದರೆ ಗೋಡೆಯ ಕಾಲ ಮುಗಿಯಿತೇ? ಇಲ್ಲ. ಮನೆಯ ಮೂಲೆಯಲ್ಲಿ ಮಿಣುಕುವ ಪುಟ್ಟ ವೈಫೈ ಪೆಟ್ಟಿಗೆಯೊಳಗೂ ಒಂದು ಫೈರ್‌ವಾಲ್ ಇದೆ. ಹಗಲೂ ರಾತ್ರಿ ಬಾಗಿಲು ತಟ್ಟುವ ಅಪರಿಚಿತರನ್ನು ಅದು ಸದ್ದಿಲ್ಲದೆ ವಾಪಸು ಕಳಿಸುತ್ತಿರುತ್ತದೆ. ಅದರ ಗುಪ್ತಪದ ಅಂಗಡಿಯಿಂದ ಬಂದಾಗ ಇದ್ದದ್ದೇ ಈಗಲೂ ಇದ್ದರೆ ಇಂದೇ ಬದಲಿಸುವುದು ಒಳ್ಳೆಯದು, 1973ರ ಮೆಟ್‌ಕಾಫ್ ದೂರು ಅದೇ ಆಗಿತ್ತು.

ಗೋಡೆ ಬೇಕೇ ಬೇಡವೇ ಎಂಬ ಪ್ರಶ್ನೆ 1988ರ ಆ ರಾತ್ರಿಯೇ ಇತ್ಯರ್ಥವಾಗಿದೆ. ಉಳಿದಿರುವುದು ನಿಯಮಗಳ ಪಟ್ಟಿಯ ಪ್ರಶ್ನೆ. ಮನೆಯ ಪಟ್ಟಿಯನ್ನು ನಾವು ಬರೆಯಬಹುದು, ಕಚೇರಿಯ ಪಟ್ಟಿಯನ್ನು ಕಂಪನಿ ಬರೆಯುತ್ತದೆ, ದೇಶದ ಪಟ್ಟಿಯನ್ನು ಸರ್ಕಾರ ಬರೆಯುತ್ತದೆ. ಕೊನೆಯ ಎರಡರಲ್ಲಿ ಏನಿದೆ ಎಂದು ಬಾಗಿಲು ದಾಟುವವರಿಗೆ ತಿಳಿಯುವುದು ಕಡಿಮೆ. ತಡೆದಾಗ ಕಾರಣ ಕೇಳುವ, ತಪ್ಪಾಗಿ ತಡೆದಿದ್ದರೆ ದೂರು ಕೊಡುವ ಒಂದು ಕಿಟಕಿಯಾದರೂ ಆ ಗೋಡೆಯಲ್ಲಿ ತೆರೆದಿರಬೇಕು.